ಗ್ರೂವರ್ ಕೊಳ್ಳುವ ಮೊದಲು ದಾರ ನೋಡಿ

"ಯಾವ ಗ್ರೂವರ್ ತಗೊಳ್ಳಲಿ?" ಅಂತ ಚರ್ಮದ ಕೆಲಸಕ್ಕೆ ಹೊಸದಾಗಿ ಕೈ ಹಾಕಿದವರು ಕೇಳಿದಾಗಲೆಲ್ಲ ನಾನು ತಿರುಗಿ ಕೇಳುವುದು ಒಂದೇ ಮಾತು: "ಯಾವ ದಾರದಲ್ಲಿ ಹೊಲೀತೀರಿ?" ತುಂಬ ಜನಕ್ಕೆ ಇದು ಸಂಬಂಧವಿಲ್ಲದ ಪ್ರಶ್ನೆ ಅನಿಸುತ್ತದೆ. ನಾನೊಂದು ಕಂಪನಿ ಹೆಸರು ಹೇಳುತ್ತೇನೆ ಅಂತ ಅವರು ಕಾಯುತ್ತಿರುತ್ತಾರೆ. ಆದರೆ ಈ ಹತಾರ ಹುಟ್ಟಿದ್ದೇ ದಾರಕ್ಕೋಸ್ಕರ. ಅಂಚಿನ ಉದ್ದಕ್ಕೂ ಚರ್ಮದ ಮೇಲ್ಪದರದಿಂದ ಸಣ್ಣದೊಂದು ಎಳೆ ಕಿತ್ತು, ದಾರ ಕೂರುವಷ್ಟು ತೋಡು ಮಾಡಿಕೊಡುವುದು ಅದರ ಕೆಲಸ. ಕೂರುವ ದಾರದ ಅಳತೆಯೇ ಗೊತ್ತಿಲ್ಲದಿದ್ದರೆ ತೋಡಿನ ಅಳತೆ ಹೇಳುವುದು ಹೇಗೆ?

ನಾನು ಜಾಸ್ತಿ ಹೊಲಿಯುವುದು ಬೆಲ್ಟು, ಚೀಲದ ಪಟ್ಟಿ, ಚಾಕುವಿನ ಒರೆ, ನಾಯಿಯ ಕೊರಳಪಟ್ಟಿ. ಎಲ್ಲವೂ ಕೈಹೊಲಿಗೆ, ಒಂದೇ ದಾರದ ಎರಡು ತುದಿಗೂ ಸೂಜಿ ಹಾಕಿ ಹೊಲಿಯುವ ಸ್ಯಾಡಲ್ ಸ್ಟಿಚ್. ಈ ಸಾಮಾನೆಲ್ಲ ದಿನವಿಡೀ ಉಜ್ಜಾಟಕ್ಕೆ ಸಿಕ್ಕುವಂಥವು. ಬೆಲ್ಟು ಪ್ಯಾಂಟಿನ ಲೂಪಿಗೆ ಉಜ್ಜುತ್ತದೆ, ಪಟ್ಟಿ ಭುಜಕ್ಕೆ ಉಜ್ಜುತ್ತದೆ, ಕೊರಳಪಟ್ಟಿಯ ಪಾಡಂತೂ ಕೇಳುವುದೇ ಬೇಡ, ನೆಲ, ಗೋಡೆ, ಮಣ್ಣು ಎಲ್ಲಕ್ಕೂ ತಾಗುತ್ತದೆ. ದಾರ ಚರ್ಮದ ಮೇಲೆ ಉಬ್ಬಿ ನಿಂತಿದ್ದರೆ ಮೊದಲು ಸವೆಯುವುದು ದಾರವೇ. ತೋಡಿನೊಳಗೆ ಇಳಿದು ಕೂತಿದ್ದರೆ ಉಜ್ಜಾಟವೆಲ್ಲ ಅಕ್ಕಪಕ್ಕದ ಚರ್ಮದ ಮೇಲೆ ಬೀಳುತ್ತದೆ, ದಾರ ಉಳಿಯುತ್ತದೆ. ಹಾಗಾಗಿ ನನಗೆ ಗ್ರೂವರ್ ಅಂದರೆ ಅಂದಕ್ಕೆ ಇಟ್ಟುಕೊಂಡ ಹತಾರ ಅಲ್ಲ, ಹೊಲಿಗೆ ಬಾಳಿಕೆ ಬರಲಿ ಅಂತ ಇಟ್ಟುಕೊಂಡಿರುವುದು.

ಮೊದಲು ಮೊನೆಯ ಅಗಲದ ವಿಷಯ. ಗ್ರೂವರಿನ ಮೊನೆಯಲ್ಲಿ ಒಂದು ಪುಟ್ಟ ತೂತು ಇರುತ್ತದೆ. ಆ ತೂತಿನ ಒಂದು ತುಟಿ ಹರಿತವಾಗಿರುತ್ತದೆ. ಎಳೆದಾಗ ಆ ತುಟಿ ಚರ್ಮವನ್ನು ಕೊಯ್ಯುತ್ತದೆ, ಕೊಯ್ದ ಎಳೆ ತೂತಿನ ಮೂಲಕ ಹೊರಗೆ ಬರುತ್ತದೆ. ಆ ತುಟಿಯ ಅಗಲವೇ ನಿಮ್ಮ ತೋಡಿನ ಅಗಲ. ನಾನು ಹೆಚ್ಚಾಗಿ ಬಳಸುವುದು 0.8 ಮಿಮೀ ದಾರ, ದಪ್ಪ ಬೆಲ್ಟಿಗೆ 1 ಮಿಮೀ. ಎರಡಕ್ಕೂ 1 ಮಿಮೀ ಮೊನೆ ಸಾಕಾಗುತ್ತದೆ. 0.6 ಮಿಮೀ ದಾರದಲ್ಲೇ ಹೊಲಿಯುವವರು ಇದೇ ಮೊನೆ ಬಳಸಿದರೆ ದಾರಕ್ಕೆ ಜಾಗ ಜಾಸ್ತಿ ಆಗುತ್ತದೆ. ಒಂದು ಹೊಲಿಗೆ ಎಡಗೋಡೆಗೆ ಒರಗುತ್ತದೆ, ಮುಂದಿನದು ಬಲಗೋಡೆಗೆ. ಹೊಲಿಗೆಯ ತೂತು ಎಷ್ಟೇ ನೇರವಾಗಿ ಹೊಡೆದಿರಲಿ, ಸಾಲು ಕುಡಿದವನ ನಡಿಗೆಯ ಹಾಗೆ ಕಾಣುತ್ತದೆ. ದಾರದ ಎರಡೂ ಬದಿಗೆ ಖಾಲಿ ತೋಡು ಕಾಣುವುದು ಬೇರೆ. ಇದಕ್ಕೆ ತಿರುಗಾಮುರುಗಾ ಆದರೆ, ಅಂದರೆ ಮೊನೆ ಕಿರಿದು, ದಾರ ದಪ್ಪ ಆದರೆ, ದಾರ ತೋಡಿನ ಎರಡು ದಡದ ಮೇಲೆ ಕೂತುಬಿಡುತ್ತದೆ. ಒಳಗೆ ಇಳಿಯುವುದೇ ಇಲ್ಲ. ಕೊಯ್ದದ್ದು ಸುಮ್ನೆ ದಂಡ.

ದಾರದ ಆಕಾರವನ್ನೂ ನೋಡಿ. ಹುರಿಹಾಕಿದ ಲಿನನ್ ದಾರ ದುಂಡಗಿರುತ್ತದೆ. ಟೈಗರ್ ದಾರದಂಥ ಹೆಣೆದ ಪಾಲಿಯೆಸ್ಟರ್ ದಾರ ಚಪ್ಪಟೆ. ದುಂಡನೆಯ ದಾರಕ್ಕೆ ಕಿರಿದಾದ, ಸ್ವಲ್ಪ ಆಳದ ತೋಡು ಒಪ್ಪುತ್ತದೆ. ಚಪ್ಪಟೆ ದಾರಕ್ಕೆ ಆಳ ಬೇಕಿಲ್ಲ, ಅಗಲ ಬೇಕು. ಸರಿಯಾಗಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭದ ದಾರಿ ಇದೆ. ಚೂರು ಚರ್ಮದ ಮೇಲೆ ಒಂದು ಗೇಣು ತೋಡು ಕೊರೆಯಿರಿ. ಮೇಣ ಹಚ್ಚಿದ ದಾರವನ್ನು ಅದರಲ್ಲಿಟ್ಟು ಉಗುರಿನಿಂದ ಒತ್ತಿ. ಆಮೇಲೆ ಕಣ್ಣು ಮುಚ್ಚಿ ಬೆರಳನ್ನು ಅಡ್ಡಡ್ಡ ಸವರಿ. ಬೆರಳಿಗೆ ದಾರ ಎಡವಬಾರದು, ಹಳ್ಳವೂ ಸಿಗಬಾರದು. ಕಣ್ಣಿಗೆ ಕಾಣದ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ನಿಮಗೆ ಗ್ರೂವರ್ ನಿಜವಾಗಿ ಬೇಕಾ?

ಲೆಕ್ಕ ಹಾಕಿ ನೋಡಿ. ಬೆಲ್ಟಿನ ಚರ್ಮ 8 ಔನ್ಸ್ ಅಂದುಕೊಳ್ಳೋಣ. ಚರ್ಮದ ಲೆಕ್ಕದಲ್ಲಿ 1 ಔನ್ಸ್ ಅಂದರೆ ಇಂಚಿನ 64ನೇ ಒಂದು ಭಾಗ, ಸುಮಾರು 0.4 ಮಿಮೀ. ಅಲ್ಲಿಗೆ 8 ಔನ್ಸಿನ ಚರ್ಮ 3.2 ಮಿಮೀ ದಪ್ಪ. ಅದರಲ್ಲಿ 0.8 ಮಿಮೀ ಆಳ ಕೊರೆದರೆ ಕಾಲುಭಾಗ ಹೋಯಿತು, ಮುಕ್ಕಾಲು ಭಾಗ ಉಳಿಯಿತು. ಏನೂ ತೊಂದರೆಯಿಲ್ಲ. ಈಗ ಪರ್ಸಿನ ಒಳಜೇಬಿನ ಚರ್ಮ ತೆಗೆದುಕೊಳ್ಳಿ. 3 ಔನ್ಸ್, ಅಂದರೆ 1.2 ಮಿಮೀ. ಅದರಲ್ಲೂ ಅಷ್ಟೇ ಆಳ ಕೊರೆದರೆ ಉಳಿಯುವುದು 0.4 ಮಿಮೀ. ಆ 0.4 ಮಿಮೀ ಮೇಲೆ ಸಾಲಾಗಿ ತೂತು ಬೇರೆ ಹೊಡೆಯುತ್ತೀರಿ. ಹರಿಯಲಿ ಅಂತ ನಾವೇ ಗೆರೆ ಹಾಕಿಕೊಟ್ಟ ಹಾಗಾಯಿತು. ಚರ್ಮದ ಎಳೆಗಳು ಒತ್ತೊತ್ತಾಗಿ ಇರುವುದು ಮೇಲ್ಪದರದಲ್ಲಿ. ನಾವು ಕಿತ್ತು ಎಸೆಯುವುದೂ ಅದೇ ಪದರವನ್ನು. ಅದಕ್ಕೇ ತೆಳು ಚರ್ಮಕ್ಕೆ ನಾನು ಗ್ರೂವರ್ ಮುಟ್ಟಿಸುವುದಿಲ್ಲ. ಸುಮಾರು 2 ಮಿಮೀಗಿಂತ ಕಡಿಮೆ ದಪ್ಪ ಇದ್ದರೆ ಡಿವೈಡರ್, ಅಂದರೆ ಎರಡು ಮೊನೆಯ ಕೈವಾರ, ತೆಗೆದುಕೊಂಡು ಒಂದು ಗೀರು ಎಳೆಯುತ್ತೇನೆ, ಇಲ್ಲವೇ ಗೆರೆ ಮೂಡಿಸುವ ಕ್ರೀಸರ್ ಬಿಸಿ ಮಾಡಿ ಒತ್ತುತ್ತೇನೆ. ಗೆರೆಯೂ ಸಿಗುತ್ತದೆ, ಚರ್ಮವೂ ಪೂರ್ತಿ ಉಳಿಯುತ್ತದೆ.

ಇದು ನನ್ನೊಬ್ಬನ ಅಭಿಪ್ರಾಯವೇನೂ ಅಲ್ಲ. ಯೂರೋಪಿನಲ್ಲಿ ಪರ್ಸು, ಕೈಚೀಲದಂಥ ನವಿರು ಕೆಲಸ ಮಾಡುವವರಲ್ಲಿ ಕ್ರೀಸರಿನಿಂದ ಗೆರೆ ಒತ್ತಿ, ತೂತಿನ ಗುರುತು ಹಾಕುವ ಹಲ್ಲುಹಲ್ಲಿನ ಪ್ರಿಕಿಂಗ್ ಐರನ್ ಹೊಡೆದು ಹೊಲಿಯುವುದೇ ರೂಢಿ. ಅಮೆರಿಕದ ಕುದುರೆ ಜೀನು, ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಕೆಲಸದಲ್ಲಿ ದಪ್ಪ ಚರ್ಮಕ್ಕೆ ತೋಡು ಕೊರೆಯುವುದು ಸಾಮಾನ್ಯ. ಎರಡೂ ಕಡೆಯವರು ತಮ್ಮ ಚರ್ಮ ನೋಡಿಕೊಂಡೇ ದಾರಿ ಹಿಡಿದಿದ್ದಾರೆ. ಇನ್ನೊಂದು ಸಂಗತಿಯೂ ಇದೆ. ಓರೆಯಾಗಿ ಮಲಗುವ ಹೊಲಿಗೆ ಇಷ್ಟ ಅಂದರೆ ತೋಡು ನಿಮ್ಮ ಸ್ನೇಹಿತ ಅಲ್ಲ. ತೋಡಿನ ಗೋಡೆಗಳು ದಾರವನ್ನು ಎರಡೂ ಕಡೆಯಿಂದ ಹಿಡಿದು ನೇರ ಮಾಡಿಬಿಡುತ್ತವೆ, ಓರೆ ಕಡಿಮೆಯಾಗುತ್ತದೆ. ನನಗೆ ಬೆಲ್ಟಿನಲ್ಲಿ ಆ ನೇರ ಸಾಲೇ ಚೆಂದ. ಪರ್ಸಿನಲ್ಲಿ ಓರೆಯೇ ಚೆಂದ.

ಕ್ರೋಮ್ ಟ್ಯಾನ್ ಮಾಡಿದ, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ, ಮೆತ್ತನೆಯ ಚರ್ಮಕ್ಕೂ ಗ್ರೂವರ್ ಆಗಿಬರುವುದಿಲ್ಲ. ಮೊನೆ ಎಳೆದರೆ ಚರ್ಮವೂ ಜೊತೆಗೆ ಬರುತ್ತದೆ, ಹಿಗ್ಗುತ್ತದೆ, ತೋಡು ಕೆಲವು ಕಡೆ ಆಳ, ಕೆಲವು ಕಡೆ ತೇಲು. ಮರದ ತೊಗಟೆಯಂಥ ಸಸ್ಯದ ರಸದಲ್ಲಿ ಹದ ಮಾಡಿದ ಗಟ್ಟಿಯಾದ ವೆಜ್ ಟ್ಯಾನ್ ಚರ್ಮ, ಅದರಲ್ಲೂ ಬೆನ್ನಿನ ಭಾಗದ್ದು, ಗ್ರೂವರಿಗೆ ಹೇಳಿ ಮಾಡಿಸಿದ್ದು. ಹತಾರ ಪರೀಕ್ಷೆ ಮಾಡುವಾಗಲೂ ಬೆನ್ನಿನ ಭಾಗದ ಚೂರನ್ನೇ ತೆಗೆದುಕೊಳ್ಳಿ. ಹೊಟ್ಟೆ ಭಾಗದ ಚರ್ಮ ಸಡಿಲ. ಅದರ ಮೇಲೆ ಎಳೆದರೆ ಒಳ್ಳೆಯ ಗ್ರೂವರೂ ಕೆಟ್ಟದ್ದರಂತೆ ಕಾಣುತ್ತದೆ.

ಸರಿ, ದಪ್ಪ ಚರ್ಮದ ಕೆಲಸವೇ ಮಾಡುತ್ತೀರಿ, ಗ್ರೂವರ್ ಬೇಕೇಬೇಕು. ಹಾಗಿದ್ದರೆ ಕೈಗೆ ತೆಗೆದುಕೊಂಡ ತಕ್ಷಣ ಮೊನೆ ನೋಡಬೇಡಿ. ಮೊದಲು ಗೈಡ್ ನೋಡಿ. ಮೊನೆ ಮೊಂಡಾದರೆ ಹರಿತ ಮಾಡಿಕೊಳ್ಳಬಹುದು. ಅಲುಗಾಡುವ ಗೈಡನ್ನು ಸರಿಮಾಡುವುದು ಕಷ್ಟ.

ಗೈಡ್ ಅಂದರೆ ಅಂಚಿಗೆ ಒರಗಿಕೊಂಡು ಹೋಗುವ ಭಾಗ. ಮೊನೆ ಅಂಚಿನಿಂದ ಎಷ್ಟು ದೂರ ಇರಬೇಕು ಅನ್ನುವುದು ಅದರ ಕೈಯಲ್ಲಿದೆ. ಬೆಲ್ಟಿಗೆ ನಾನು ಸಾಮಾನ್ಯವಾಗಿ 3ರಿಂದ 4 ಮಿಮೀ ಇಟ್ಟುಕೊಳ್ಳುತ್ತೇನೆ. ಚರ್ಮದ ದಪ್ಪ ಎಷ್ಟೋ ಅಂಚಿನಿಂದ ಅಷ್ಟೇ ದೂರ ಅನ್ನುವುದು ನೆನಪಿಡಲು ಸುಲಭವಾದ ಅಂದಾಜು. ಬೆಲ್ಟು ಒಂದು ಮೀಟರಿಗಿಂತ ಉದ್ದ. ಅಷ್ಟುದ್ದ ಎಳೆಯುವಾಗ ಗೈಡ್ ಅರ್ಧ ಮಿಮೀ ಜಾರಿದರೂ ಸಾಕು, ಸಾಲು ಅಂಚಿಗೆ ಓರೆಯಾಗಿ ಹೋಗುತ್ತದೆ. ಬೆಲ್ಟಿನ ಅಂಚು ಪಕ್ಕದಲ್ಲೇ ಇರುವುದರಿಂದ ಯಾರ ಕಣ್ಣಿಗಾದರೂ ಅದು ಬೀಳುತ್ತದೆ. ಒಮ್ಮೆ ಕಿತ್ತ ಚರ್ಮವನ್ನು ಮತ್ತೆ ಅಂಟಿಸಲು ಆಗುವುದಿಲ್ಲವಲ್ಲ.

ಗ್ರೂವರುಗಳಲ್ಲಿ ಎರಡು ಜಾತಿ ಕಾಣುತ್ತವೆ. ಒಂದರಲ್ಲಿ ಹಿಡಿಯ ತುದಿಯಲ್ಲಿ ಅಡ್ಡತೂತು ಇರುತ್ತದೆ, ಅದರೊಳಗೆ ಮೊನೆಯಿರುವ ಕಂಬಿ ಜಾರುತ್ತದೆ, ಹಿಡಿಯ ತುದಿಯೇ ಗೈಡ್ ಆಗಿ ಅಂಚಿಗೆ ಒರಗುತ್ತದೆ. ಇನ್ನೊಂದರಲ್ಲಿ ಮೊನೆ ಹಿಡಿಗೇ ಗಟ್ಟಿಯಾಗಿ ಕೂತಿರುತ್ತದೆ, ಗೈಡಿನ ಕಂಬಿ ಜಾರುತ್ತದೆ. ನನಗೆ ಎರಡನೆಯದು ಮೇಲು. ಕೊಯ್ಯುವ ಬಲವೆಲ್ಲ ಬೀಳುವುದು ಮೊನೆಯ ಮೇಲೆ. ಆ ಮೊನೆ ಅಲುಗದ ಭಾಗದಲ್ಲಿದ್ದರೆ ಸ್ಕ್ರೂವಿನ ಮೇಲೆ ಭಾರ ಕಡಿಮೆ. ಎಡಗೈಯವರಿಗೆ ಇನ್ನೂ ಒಂದು ಅನುಕೂಲ ಇದೆ. ಗೈಡಿನ ಕಂಬಿಯನ್ನು ಬಿಚ್ಚಿ ಇನ್ನೊಂದು ಕಡೆಯಿಂದ ತೂರಿಸಿದರೆ ಹತಾರ ಎಡಗೈಗೆ ಸಿದ್ಧ. ಮೊದಲನೆಯ ಜಾತಿಯಲ್ಲಿ ಹಾಗೆ ಮಾಡಲು ಹೋದರೆ ಮೊನೆಯ ಹರಿತದ ಬಾಯಿ ಹಿಂದುಮುಂದಾಗಿ ನಿಲ್ಲುತ್ತದೆ. ಎಡಗೈಯವರು ಕೊಳ್ಳುವ ಮೊದಲು ಇದನ್ನು ಖಂಡಿತ ನೋಡಿಕೊಳ್ಳಿ.

ಜಾರುವ ಕಂಬಿ ಪೂರ್ತಿ ದುಂಡಗಿದೆಯೋ, ಇಲ್ಲ ಒಂದು ಬದಿ ಚಪ್ಪಟೆ ಅರೆದಿದ್ದಾರೋ? ಚಪ್ಪಟೆ ಬದಿ ಇದ್ದರೆ ಸ್ಕ್ರೂ ಅಲ್ಲಿ ನೆಟ್ಟಗೆ ಕೂರುತ್ತದೆ, ಕಂಬಿ ಸುತ್ತ ತಿರುಗುವುದಿಲ್ಲ. ಪೂರ್ತಿ ದುಂಡಗಿದ್ದರೆ ಸ್ಕ್ರೂವಿನ ತುದಿ ಕಂಬಿಯ ಮೇಲೆ ಗುಳಿ ಮಾಡುತ್ತದೆ. ಕೆಲವು ಕಾಲ ಬಳಸಿದ ಮೇಲೆ 3 ಮಿಮೀ ಬೇಕು ಅಂತ ಇಟ್ಟರೆ ಸ್ಕ್ರೂ ಪಕ್ಕದ ಹಳೇ ಗುಳಿಗೇ ಎಳೆದುಕೊಂಡು ಹೋಗುತ್ತದೆ. 3.2 ಆಗುತ್ತದೆ, 2.8 ಆಗುತ್ತದೆ, 3 ಮಾತ್ರ ಆಗುವುದಿಲ್ಲ. ಪರೀಕ್ಷೆ ಮಾಡುವುದು ಹೀಗೆ: ಸ್ಕ್ರೂ ಬಿಗಿ ಮಾಡಿ, ಹೆಬ್ಬೆರಳನ್ನು ಗೈಡಿನ ಪಕ್ಕಕ್ಕೆ ಒತ್ತಿ, ನಿಮ್ಮ ಬಲ ಎಷ್ಟಿದೆಯೋ ಅಷ್ಟೂ ಹಾಕಿ ತಳ್ಳಿ. ಆಮೇಲೆ ತಿರುಚಿ. ಎರಡರಲ್ಲೂ ಅಲುಗಬಾರದು. ಬೆರಳಿನಿಂದ ತಿರುಗಿಸುವ ಸ್ಕ್ರೂ ಇದ್ದರೆ ಹೊಂದಿಸುವುದು ಬೇಗ, ಆದರೆ ಬಿಗಿ ಕಡಿಮೆ. ಅಲೆನ್ ಕೀ ಹಾಕುವ ಸ್ಕ್ರೂ ನಿಧಾನ, ಆದರೆ ಹಿಡಿದದ್ದನ್ನು ಬಿಡುವುದಿಲ್ಲ. ಒಂದೇ ಅಳತೆಯಲ್ಲಿ ಜಾಸ್ತಿ ಕೆಲಸ ಮಾಡುವವರಿಗೆ ಅಲೆನ್ ಸ್ಕ್ರೂವೇ ಒಳ್ಳೆಯದು.

ಗೈಡಿನ ಆಕಾರದ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ನನಗೆ ಇದು ತುಂಬ ಮುಖ್ಯ. ಉದ್ದನೆಯ ಚಪ್ಪಟೆ ಗೈಡ್ ಇದ್ದರೆ ನೇರ ಅಂಚಿನಲ್ಲಿ ರೈಲು ಹೋದ ಹಾಗೆ ಹೋಗುತ್ತದೆ, ಕೈ ಸ್ವಲ್ಪ ನಡುಗಿದರೂ ಸಾಲು ನಡುಗುವುದಿಲ್ಲ. ಆದರೆ ಒಳಕ್ಕೆ ಬಾಗಿದ ಅಂಚು ಬಂದಾಗ ಅದೇ ಗೈಡ್ ಕೈಕೊಡುತ್ತದೆ. ಚಾಕುವಿನ ಒರೆಯ ಬಾಯಿ, ಚೀಲದ ಹಿಡಿಯ ಕೆಳಭಾಗ ಇವೆಲ್ಲ ಒಳಬಾಗಿನವೇ. ಅಲ್ಲಿ ಚಪ್ಪಟೆ ಗೈಡಿನ ಎರಡು ತುದಿ ಮಾತ್ರ ಚರ್ಮಕ್ಕೆ ತಾಗುತ್ತವೆ, ನಡುಭಾಗ ಗಾಳಿಯಲ್ಲಿರುತ್ತದೆ. ಆಗ ಮೊನೆ ಅಂಚಿನ ಕಡೆಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ? ಗೈಡ್ 10 ಮಿಮೀ ಉದ್ದ, ಬಾಗಿನ ತ್ರಿಜ್ಯ 20 ಮಿಮೀ ಇದ್ದರೆ ಸರಿಸುಮಾರು 0.6 ಮಿಮೀ. 3 ಮಿಮೀ ಅಂತ ಇಟ್ಟುಕೊಂಡದ್ದು ಬಾಗಿನಲ್ಲಿ 2.4 ಆಗುತ್ತದೆ, ನೇರಕ್ಕೆ ಬಂದ ಕೂಡಲೇ ಮತ್ತೆ 3. ಹೊಲಿದ ಮೇಲೆ ಆ ಜಾಗದಲ್ಲಿ ಸಾಲು ಅಂಚನ್ನು ಅಪ್ಪಿಕೊಂಡ ಹಾಗೆ ಕಾಣುತ್ತದೆ. ಹೊರಬಾಗಿನಲ್ಲಿ ಈ ತೊಂದರೆ ಇಲ್ಲ, ಗೈಡ್ ಒಂದೇ ಬಿಂದುವಿನಲ್ಲಿ ತಾಗುತ್ತದೆ. ಒರೆ, ಪೌಚುಗಳಂಥ ಬಾಗುಬಳುಕಿನ ಕೆಲಸ ಜಾಸ್ತಿ ಇದ್ದರೆ ಸಣ್ಣ ದುಂಡು ಕಡ್ಡಿಯಂಥ ಗೈಡ್ ಇರುವುದನ್ನು ಆರಿಸಿ. ಬೆಲ್ಟು, ಪಟ್ಟಿ ಮಾತ್ರ ಮಾಡುವವರು ಚಪ್ಪಟೆಯದನ್ನು ಆರಿಸಿ. ಎರಡೂ ಮಾಡುವವರು ದುಂಡು ಗೈಡಿಗೇ ಹೋಗಿ, ನೇರ ಅಂಚಿನಲ್ಲಿ ಕೈ ಪಳಗಿಸಿಕೊಳ್ಳಬಹುದು.

ಗೈಡಿನ ಮೈ ನುಣ್ಣಗಿರಬೇಕು. ಒರಟು ಗೈಡ್ ಅಂಚಿಗೆ ಗೀರು ಬೀಳಿಸುತ್ತದೆ. ನುಣುಪು ಕಡಿಮೆ ಇದ್ದರೆ ನಯವಾದ ಮರಳು ಕಾಗದದಲ್ಲಿ ಉಜ್ಜಿಕೊಂಡರೆ ಸಾಕು, ಅಷ್ಟಕ್ಕೆ ಹತಾರ ತಿರಸ್ಕರಿಸಬೇಕಿಲ್ಲ. ಗೈಡ್ ಕೆಳಕ್ಕೆ ಎಷ್ಟು ಇಳಿಯುತ್ತದೆ ಅಂತಲೂ ನೋಡಿ. ಚರ್ಮವನ್ನು ಮೇಜಿನ ಅಂಚಿನಿಂದ ಒಳಗೆ ಇಟ್ಟು ಎಳೆದರೆ ಉದ್ದದ ಗೈಡ್ ಮೇಜಿಗೆ ತಾಗಿ ಮೊನೆಯನ್ನು ಎತ್ತಿಬಿಡುತ್ತದೆ. ಅದಕ್ಕೇ ಚರ್ಮದ ಅಂಚನ್ನು ಮೇಜಿನ ಅಂಚಿಗಿಂತ ಒಂದು ಬೆರಳು ಹೊರಗೆ ಚಾಚಿ ಇಡಬೇಕು.

ಈಗ ಮೊನೆ. ಬೆಳಕಿನ ಕೆಳಗೆ ಹಿಡಿದು, ಭೂತಗನ್ನಡಿ ಇದ್ದರೆ ಅದರಲ್ಲಿ, ತೂತಿನ ತುಟಿಯನ್ನು ನೋಡಿ. ನಿಜವಾಗಿ ಹರಿತವಾದ ಅಂಚು ಬೆಳಕನ್ನು ತಿರುಗಿ ಎಸೆಯುವುದಿಲ್ಲ. ತುಟಿಯ ಮೇಲೆ ಬೆಳ್ಳಗೆ ಒಂದು ಗೆರೆ ಮಿಂಚಿದರೆ ಅಲ್ಲಿ ಅದು ಮೊಂಡು ಅಂತ ಅರ್ಥ. ಹೊಸ ಗ್ರೂವರುಗಳಲ್ಲಿ ಈ ಬೆಳ್ಳನೆಯ ಗೆರೆ ಕಾಣುವುದು ಅಪರೂಪ ಅಲ್ಲ. ಅದಕ್ಕೆ ಗಾಬರಿ ಬೇಡ. ಗಾಬರಿ ಆಗಬೇಕಾದದ್ದು ಮೊನೆಯ ತುದಿಯವರೆಗೂ ಹೊಳೆಯುವ ಕ್ರೋಮ್ ಲೇಪ ಇದ್ದರೆ. ಲೇಪ ಹರಿತದ ಅಂಚನ್ನು ಮುಚ್ಚಿ ದುಂಡಗೆ ಮಾಡಿರುತ್ತದೆ. ಹರಿತ ಮಾಡಲು ಹೋದರೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಹಿಡಿಗೆ, ಕಂಬಿಗೆ ಲೇಪ ಇರಲಿ, ಮೊನೆ ಮಾತ್ರ ಬರಿಯ ಉಕ್ಕಿನದ್ದಾಗಿರಲಿ. ದುಂಡು ದಾರ ಬಳಸುವವರಿಗೆ ತೂತಿನ ತಳ ದುಂಡಗಿದ್ದರೆ ಒಳ್ಳೆಯದು. ದಾರವೂ ದುಂಡು, ತೋಡೂ ದುಂಡು, ಒಂದಕ್ಕೊಂದು ಹೊಂದುತ್ತವೆ.

ಹರಿತ ಮಾಡುವ ರೀತಿ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಕೊಳ್ಳುವಾಗ ಅರ್ಧ ಚಿಂತೆ ಕಡಿಮೆಯಾಗುತ್ತದೆ. ಗ್ರೂವರನ್ನೇ ತೆಗೆದುಕೊಂಡು ದಪ್ಪ ವೆಜ್ ಟ್ಯಾನ್ ಚೂರಿನ ಮೇಲೆ ಒಂದು ತೋಡು ಕೊರೆಯಿರಿ. ಆ ತೋಡಿನೊಳಗೆ ಹಸಿರು ಪಾಲಿಶ್ ಕಡ್ಡಿ, ಅಂದರೆ ಕ್ರೋಮಿಯಂ ಆಕ್ಸೈಡ್ ಇರುವುದು, ಚೆನ್ನಾಗಿ ತಿಕ್ಕಿ. ಈಗ ಮೊನೆಯನ್ನು ಅದೇ ತೋಡಿನಲ್ಲಿಟ್ಟು ಕೊಯ್ಯುವ ದಿಕ್ಕಿಗೆ ಎದುರಾಗಿ, ಅಂದರೆ ಹರಿತದ ತುಟಿ ಹಿಂದಿರುವಂತೆ, ಉದ್ದಕ್ಕೂ ತಳ್ಳಿ. ಹತ್ತಾರು ಸಲ ತಳ್ಳಿ. ಮೊನೆಯ ಹೊರಮೈಗೆ ಅದು ತಾನೇ ಕೊರೆದ ತೋಡಿಗಿಂತ ಸರಿಯಾಗಿ ಹೊಂದುವ ಪಟ್ಟಿ ಇನ್ಯಾವುದೂ ಇಲ್ಲ. ಒಳಮೈಗೆ ದಾರ ಬೇಕು. ತೂತಿನಲ್ಲಿ ತೂರುವಷ್ಟು ದಪ್ಪದ ಹತ್ತಿ ದಾರಕ್ಕೆ ಅದೇ ಹಸಿರು ಪಾಲಿಶ್ ಹಚ್ಚಿ, ಒಂದು ತುದಿಯನ್ನು ಮೊಳೆಗೆ ಕಟ್ಟಿ, ದಾರವನ್ನು ಬಿಗಿಯಾಗಿ ಹಿಡಿದು ಗ್ರೂವರನ್ನು ಅದರ ಮೇಲೆ ಹಿಂದೆ ಮುಂದೆ ಓಡಿಸಿ. ಕಪ್ಪು ಮಸಿ ದಾರಕ್ಕೆ ಹತ್ತುತ್ತದೆ. ಅದು ಉಕ್ಕಿನ ಪುಡಿ, ಕೆಲಸ ನಡೆಯುತ್ತಿದೆ ಅನ್ನುವುದಕ್ಕೆ ಗುರುತು. ಕೊನೆಗೆ ಮತ್ತೆ ತೋಡಿನಲ್ಲಿ ನಾಲ್ಕು ಸಲ ತಳ್ಳಿ, ತುಟಿಯ ಮೇಲೆ ಎದ್ದ ಸಣ್ಣ ಸಿಬಿರು ಹೋಗುತ್ತದೆ.

ಹರಿತ ಆಗಿದೆಯೋ ಇಲ್ಲವೋ ಅಂತ ತೂತಿನಿಂದ ಹೊರಬರುವ ಎಳೆಯೇ ಹೇಳುತ್ತದೆ. ಸರಿಯಿದ್ದರೆ ಎಳೆ ಒಂದೇ ದಪ್ಪದಲ್ಲಿ, ತುಂಡಾಗದೆ, ಸುರುಳಿ ಸುತ್ತಿಕೊಂಡು ಬರುತ್ತದೆ. ಸದ್ದೂ ಬೇರೆ, ಮೆಲ್ಲಗೆ 'ಸರ್' ಅನ್ನುತ್ತದೆ. ಮೊಂಡಾಗಿದ್ದರೆ ಎಳೆ ಪುಡಿಪುಡಿಯಾಗಿ ಬರುತ್ತದೆ, ತೂತಿನಲ್ಲೇ ಕಟ್ಟಿಕೊಳ್ಳುತ್ತದೆ, ತೋಡಿನ ದಡ ನಾರುನಾರಾಗಿ ಏಳುತ್ತದೆ, ಕೈ ತಡೆತಡೆದು ಹೋಗುತ್ತದೆ. ಆ ನಾರು ಒಮ್ಮೆ ಎದ್ದರೆ ಎಷ್ಟು ಮೇಣ ಹಚ್ಚಿ ಉಜ್ಜಿದರೂ ಪೂರ್ತಿ ಮಲಗುವುದಿಲ್ಲ.

ಹಲವು ಮೊನೆಗಳನ್ನು ಬದಲಾಯಿಸಿ ಹಾಕುವ ಸೆಟ್ಟುಗಳು ಸಿಗುತ್ತವೆ. ಒಂದೇ ಹಿಡಿಗೆ ಗ್ರೂವರ್, ಕ್ರೀಸರ್, ಅಂಚಿನ ಮೂಲೆ ಕೆತ್ತುವ ಬೆವೆಲರ್ ಎಲ್ಲ ತಿರುಗಿಸಿ ಕೂರಿಸುವುದು. ನೋಡಲು ಆಸೆ ಆಗುತ್ತದೆ. ಅಂಥ ಒಂದು ಸೆಟ್ ನನ್ನ ಬಳಿಯೂ ಇತ್ತು. ಬಳಸಿದಂತೆ ಮೊನೆ ಕೂರುವ ಜಾಗ ಸಡಿಲವಾಯಿತು. ಎಳೆಯುವಾಗ ಮೊನೆ ಕೂದಲೆಳೆಯಷ್ಟು ತಿರುಗುತ್ತಿತ್ತು, ತೋಡಿನ ಒಂದು ದಡ ಆಳ, ಇನ್ನೊಂದು ದಡ ತೇಲು. ಬೆವೆಲರಿಗೆ, ಕ್ರೀಸರಿಗೆ ಆ ಹಿಡಿ ಪರವಾಗಿಲ್ಲ ಅನಿಸಿತು. ಗ್ರೂವರಿಗೆ ಮಾತ್ರ ನಾನು ಅಂಥದ್ದನ್ನು ಯಾರಿಗೂ ಹೇಳುವುದಿಲ್ಲ. ಅದೇ, ಒಂದೇ ಗ್ರೂವರಿಗೆ ಬೇರೆ ಬೇರೆ ಅಗಲದ ಮೊನೆ ಹಾಕುವಂತೆ ಮಾಡಿ, ಮೊನೆಯನ್ನು ಸ್ಕ್ರೂವಿನಿಂದ ಬಿಗಿ ಮಾಡುವ ಹತಾರ ಬೇರೆ ವಿಷಯ. ಅದು ಒಳ್ಳೆಯದೇ, ಸವೆದ ಮೊನೆಯನ್ನಷ್ಟೇ ಬದಲಾಯಿಸಬಹುದು.

ಗೈಡ್ ಇಲ್ಲದ ಗ್ರೂವರೂ ಇದೆ. ಅಂಚಿನಿಂದ ದೂರ ಹೊಲಿಯುವಾಗ, ಜೇಬಿನ ಸುತ್ತ, ಇಲ್ಲವೇ ಅಲಂಕಾರಕ್ಕೆ ಗೆರೆ ಹಾಕುವಾಗ ಉಕ್ಕಿನ ಅಳತೆಪಟ್ಟಿ ಇಟ್ಟು ಅದರಲ್ಲಿ ಎಳೆಯುತ್ತಾರೆ. ಉಪಯೋಗದ್ದೇ, ಆದರೆ ಮೊದಲು ಕೊಳ್ಳಬೇಕಾದದ್ದಲ್ಲ. ವಿ ಆಕಾರದ ಗೌಜ್ ನೋಡಿ ಅದನ್ನೇ ಗ್ರೂವರ್ ಅಂದುಕೊಳ್ಳುವವರೂ ಇದ್ದಾರೆ. ಅದು ದಪ್ಪ ಚರ್ಮವನ್ನು ಮಡಿಸಲು ಒಳಬದಿಯಲ್ಲಿ ಕೊರೆಯುವ ಹತಾರ, ಹೊಲಿಗೆಗೆ ತುಂಬ ಅಗಲ.

ಹಿಡಿ ಮರದ್ದಾ ಲೋಹದ್ದಾ ಅನ್ನುವುದು ನಿಮ್ಮ ಕೈಗೆ ಬಿಟ್ಟದ್ದು. ಪೆನ್ನಿನ ಹಾಗೆ ಹಿಡಿಯುವ ತೆಳು ಲೋಹದ ಹಿಡಿ ಬೆವರಿಗೆ ಜಾರುತ್ತದೆ. ನನಗೆ ಮರದ್ದು ಇಷ್ಟ.

ಬಳಸುವ ಕ್ರಮದ ಬಗ್ಗೆ ಎರಡು ಮಾತು, ಯಾಕೆಂದರೆ ಒಳ್ಳೆಯ ಗ್ರೂವರೂ ಕೆಟ್ಟ ಅಂಚಿನ ಮೇಲೆ ಒಳ್ಳೆಯ ಸಾಲು ಕೊಡಲಾರದು. ಗೈಡ್ ಅಂಚನ್ನೇ ನಕಲು ಮಾಡುತ್ತದೆ. ಅಂಚಿನಲ್ಲಿ ಒಂದು ಕಚ್ಚು ಇದ್ದರೆ ತೋಡಿನಲ್ಲೂ ಅದು ಬರುತ್ತದೆ. ಎರಡು ಪದರ ಅಂಟಿಸುವ ಕೆಲಸ ಆದರೆ ಮೊದಲು ಅಂಟಿಸಿ, ಅಂಚನ್ನು ಮರಳು ಕಾಗದದಿಂದ ಒಂದೇ ಸಮ ಮಾಡಿ, ಆಮೇಲೆ ಗ್ರೂವರ್ ಹಿಡಿಯಿರಿ. ಬೆವೆಲರ್ ಹೊಡೆಯುವುದು ತೋಡು ಕೊರೆದ ಮೇಲೆ. ಮೂಲೆ ತೆಗೆದುಬಿಟ್ಟರೆ ಗೈಡಿಗೆ ಒರಗಲು ಜಾಗ ಕಡಿಮೆಯಾಗುತ್ತದೆ. ಒಂದೇ ಏಟಿಗೆ ಪೂರ್ತಿ ಆಳ ಕೊರೆಯಬೇಡಿ. ಮೊದಲ ಸಲ ಹಗುರವಾಗಿ ಎಳೆದು ದಾರಿ ಮಾಡಿ, ಎರಡನೇ ಸಲ ಅದೇ ದಾರಿಯಲ್ಲಿ ಆಳ ತೆಗೆಯಿರಿ. ಸಾಲಿನ ಕೊನೆಯಲ್ಲಿ ಹೊಲಿಗೆ ಎಲ್ಲಿ ನಿಲ್ಲುತ್ತದೋ ಅಲ್ಲೇ ಮೊನೆಯನ್ನು ಎತ್ತಿ. ಆಮೇಲೆ ಚರ್ಮದ ತುದಿಯವರೆಗೂ ಖಾಲಿ ತೋಡು ಹರಿದಿದ್ದರೆ ನೋಡಲು ಚೆನ್ನಾಗಿರುವುದಿಲ್ಲ.

ಹಿಂಬದಿಗೂ ತೋಡು ಬೇಕಾ ಅಂತ ಕೇಳುತ್ತಾರೆ. ಬೆಲ್ಟಿನ ಹಿಂಬದಿಯೂ ಉಜ್ಜುತ್ತದೆ, ಹಾಗಾಗಿ ಬೇಕು ಅನ್ನುವುದರಲ್ಲಿ ಅರ್ಥ ಇದೆ. ಆದರೆ ತೂತು ಹೊಡೆಯುವ ದಬ್ಬಳ ನೆಟ್ಟಗೆ ಇಳಿಯದಿದ್ದರೆ ತೂತುಗಳು ಹಿಂದಿನ ತೋಡಿನ ಆಚೆಗೋ ಈಚೆಗೋ ಬೀಳುತ್ತವೆ, ತೋಡು ಒಂದು ಕಡೆ, ದಾರ ಇನ್ನೊಂದು ಕಡೆ. ದಬ್ಬಳ ಪ್ರತಿ ಸಲ ನೆಟ್ಟಗೆ ಇಳಿಯುವಷ್ಟು ಕೈ ಪಳಗಿದ ಮೇಲೆ ಹಿಂಬದಿಗೆ ಹೋಗಿ. ಅಲ್ಲಿಯವರೆಗೆ ಹೊಲಿದು ಮುಗಿಸಿ, ನುಣುಪಾದ ಸುತ್ತಿಗೆಯಿಂದ ಹಿಂದಿನ ಸಾಲನ್ನು ಮೆಲ್ಲಗೆ ತಟ್ಟಿದರೆ ದಾರ ಸಾಕಷ್ಟು ಒಳಗೆ ಇಳಿಯುತ್ತದೆ.

ಬಣ್ಣ ಹಚ್ಚುವವರಿಗೂ ಒಂದು ಮಾತು. ಬಣ್ಣ ಹಚ್ಚಿದ ಮೇಲೆ ಕೊರೆದರೆ ತೋಡಿನೊಳಗೆ ಹಸಿ ಚರ್ಮದ ತಿಳಿ ಬಣ್ಣ ಕಾಣುತ್ತದೆ. ಕೊರೆದ ಮೇಲೆ ಬಣ್ಣ ಹಚ್ಚಿದರೆ ತೆರೆದ ಎಳೆಗಳು ಬಣ್ಣವನ್ನು ಜಾಸ್ತಿ ಕುಡಿದು ತೋಡು ಸುತ್ತಲಿನದಕ್ಕಿಂತ ಗಾಢವಾಗುತ್ತದೆ. ಕಂದು ಬೆಲ್ಟಿಗೆ ತಿಳಿ ದಾರ ಹಾಕುವಾಗ ಆ ಗಾಢ ಗೆರೆ ದಾರವನ್ನು ಎತ್ತಿ ತೋರಿಸುತ್ತದೆ, ನನಗೆ ಅದು ತುಂಬ ಇಷ್ಟ.

ಕೊನೆಯದಾಗಿ, ಹಳೆಯ ಹತಾರ ಸಿಕ್ಕರೆ ಬೇಡ ಅನ್ನಬೇಡಿ. ಅಮೆರಿಕದ ಸಿ.ಎಸ್. ಓಸ್ಬೋರ್ನ್ 1826ರಿಂದ, ಫ್ರಾನ್ಸಿನ ವೆರ್ಜೆ ಬ್ಲಾಂಶಾರ್ 1823ರಿಂದ ಇರುವ ಕಂಪನಿಗಳು. ಇಂಥವರ ಹಳೆಯ ಚರ್ಮದ ಹತಾರಗಳು ಇನ್ನೂ ಕೈಯಿಂದ ಕೈಗೆ ದಾಟುತ್ತಿವೆ. ಹಳೆಯ ಗ್ರೂವರಿನಲ್ಲಿ ನೋಡಬೇಕಾದದ್ದು ತೂತಿನ ಮುಂದಿನ ತುಟಿ. ಹರಿತ ಮಾಡಿದಾಗಲೆಲ್ಲ ತುಟಿ ಸ್ವಲ್ಪ ಸವೆಯುತ್ತದೆ. ತೀರ ತೆಳ್ಳಗಾಗಿದ್ದರೆ ಮುಂದೆ ಹರಿತ ಮಾಡಲು ಉಕ್ಕೇ ಉಳಿದಿಲ್ಲ ಅಂತ ಅರ್ಥ. ಸ್ಕ್ರೂವಿನ ಸುತ್ತುಗಳು ಸವೆದಿದ್ದರೆ ಹೊಸ ಸ್ಕ್ರೂ ಹಾಕಿಸಬಹುದು. ಕಂಬಿಯ ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ತುಟಿಯ ಒಳಮೈಯಲ್ಲಿ ತುಕ್ಕು ತಿಂದ ಗುಳಿಗಳಿದ್ದರೆ ಮಾತ್ರ ಬಿಟ್ಟುಬಿಡಿ. ಆ ಗುಳಿ ಅಂಚಿಗೆ ಬಂದಾಗಲೆಲ್ಲ ತೋಡಿನಲ್ಲಿ ಒಂದು ನಾರು ಎದ್ದೇ ಏಳುತ್ತದೆ.